ಡಿಸ್ಕೋ ತಾಳದ ಹಿಂದೊಬ್ಬ ಕೊಡವ

ರೇಡಿಯೋದಲ್ಲಿ ಒಳ್ಳೆಯ ಹಾಡೊಂದು ಬಂದಾಗ ‘ಹಾಡಿದವರು ಯಾರು?’ ಎಂದು ಮನೆಯವರೆಲ್ಲ ಕೇಳುವುದುಂಟು. ‘ಇದನ್ನು ಈ ರೂಪಕ್ಕೆ ತಂದವರು ಯಾರು?’ ಎಂದು ಕೇಳುವವರು ವಿರಳ. ಡಿಸ್ಕೋ ಹಾಡುಗಳ ವಿಷಯದಲ್ಲಿ ನೀವು ಈ ಎರಡನೆಯ ಪ್ರಶ್ನೆಯನ್ನು ಕೇಳಿದರೆ, ಉತ್ತರ ಕೊಡಗಿನ ಮೂಲದವರೊಬ್ಬರ ಹೆಸರಿಗೆ ಬಂದು ನಿಲ್ಲುತ್ತದೆ. ಅವರೇ ಬಿದ್ದು ಅಪ್ಪಯ್ಯ.

ಮೊದಲು, ಡಿಸ್ಕೋ ಎಂದರೇನು? ಅದು ‘ಡಿಸ್ಕೊತೆಕ್’ ಎಂಬ ಫ್ರೆಂಚ್ ಮಾತಿನ ಮೊಟಕು ರೂಪ. ವಾದ್ಯಗಾರರ ಬದಲು ಗ್ರಾಮಫೋನ್ ತಟ್ಟೆಗಳನ್ನು ಹಾಕಿ ಕುಣಿಯುವ ಸ್ಥಳಕ್ಕೆ ಆ ಹೆಸರು. 1970ರ ದಶಕದಲ್ಲಿ ಅಲ್ಲಿಗೆಂದೇ ಹುಟ್ಟಿದ ಸಂಗೀತಕ್ಕೂ ಅದೇ ಹೆಸರು ಬಂತು. ನಾಲ್ಕು ಎಣಿಕೆಯ ತಾಳ, ಎಣಿಕೆಗೊಂದರಂತೆ ದೊಡ್ಡ ಡ್ರಮ್ಮಿನ ಪೆಟ್ಟು, ನಿಮಿಷಕ್ಕೆ ಸುಮಾರು 120 ಪೆಟ್ಟು, ಮೇಲೆ ಪಿಟೀಲುಗಳ ಮೇಳ. ಕೊಡಗಿನ ಮದುವೆ ಕಂಡವರಿಗೆ ಇದರ ಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಲಗ ಮೊಳಗಿತೆಂದರೆ ಹಿರಿಯ ಕಿರಿಯರೆನ್ನದೆ ಎಲ್ಲರ ಕಾಲೂ ತಾನಾಗಿ ಏಳುತ್ತದೆ. ತಾಳ ಬೇರೆಯಾದರೂ ಉದ್ದೇಶ ಒಂದೇ.

ಬಿದ್ದು ಅವರು 1940ರ ದಶಕದಲ್ಲಿ ಬೆಂಗಳೂರಿನಲ್ಲಿ ಕೊಡವ ಕುಟುಂಬದಲ್ಲಿ ಜನಿಸಿದರು. ರೇಡಿಯೋ ಸಿಲೋನ್ ಬಿತ್ತರಿಸುತ್ತಿದ್ದ ಪಾಶ್ಚಾತ್ಯ ಹಾಡುಗಳನ್ನು ಕೇಳುತ್ತಲೇ ಬೆಳೆದರು. ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ಮೇಳ ಕಟ್ಟಿ ಬೆಂಗಳೂರು, ಕಲ್ಕತ್ತ, ಬೊಂಬಾಯಿಗಳ ಕ್ಲಬ್ಬುಗಳಲ್ಲಿ ಹಾಡಿದರು. 1967ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರ ಸ್ವಂತ ಗಾಯನಕ್ಕೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಗಾಯಕನಾಗಬೇಕೆಂದು ಹೊರಟವನಿಗೆ ಇದು ಸಣ್ಣ ನಿರಾಸೆಯಲ್ಲ. ಆದರೆ ಅವರು ಸಂಗೀತವನ್ನು ಬಿಡಲಿಲ್ಲ. ಇತರರ ಹಾಡುಗಳ ಧ್ವನಿಮುದ್ರಣವನ್ನು ರೂಪಿಸುವ ಕೆಲಸ ಹಿಡಿದರು. ತಕ್ಕ ಕಂಠವನ್ನು ಆರಿಸುವುದು, ವಾದ್ಯಗಳನ್ನು ಹೊಂದಿಸುವುದು, ಯಾವುದು ಮುಂದೆ ಕೇಳಬೇಕು, ಯಾವುದು ಹಿಂದೆ ಎಂದು ತೀರ್ಮಾನಿಸುವುದು — ಇದು ಕಂಠಕ್ಕಿಂತ ಕಿವಿಯ ಕೆಲಸ.

1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಅವರ ‘ಕುಂಗ್ ಫೂ ಫೈಟಿಂಗ್’ ಹಾಡನ್ನು ಬಿದ್ದು ಮುದ್ರಿಸಿದರು. ಅದು ತಟ್ಟೆಯ ಹಿಂಬದಿಗೆಂದು, ಉಳಿದ ಅಲ್ಪ ಸಮಯದಲ್ಲಿ ಅವಸರವಾಗಿ ಮುಗಿಸಿದ ಹಾಡು. ಅದೇ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲ ಸ್ಥಾನಕ್ಕೇರಿತು! 1976ರಲ್ಲಿ ಅವರು ರೂಪಿಸಿದ, ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಸಹ ಬ್ರಿಟನ್ನಿನಲ್ಲಿ ಮೊದಲ ಸ್ಥಾನ ಪಡೆಯಿತು.

ತಾಯ್ನಾಡಿಗೆ ಈ ತಾಳ ಬಂದದ್ದು 1980ರಲ್ಲಿ, ‘ಕುರ್ಬಾನಿ’ ಚಿತ್ರದ ‘ಆಪ್ ಜೈಸಾ ಕೋಯಿ’ ಹಾಡಿನ ಮೂಲಕ. ಹಾಡಿದಾಕೆ ಪಾಕಿಸ್ತಾನ ಮೂಲದ, ಇನ್ನೂ ಹದಿಹರೆಯದ ನಾಜಿಯಾ ಹಸನ್. ಪಳಗಿದ ಹಿನ್ನೆಲೆ ಗಾಯಕಿಯರು ಬೇಕಷ್ಟಿದ್ದರೂ ಬಿದ್ದು ಆ ಎಳೆಯ ಕಂಠವನ್ನು ನಂಬಿದರು. ಮರುವರ್ಷ ‘ಡಿಸ್ಕೋ ದೀವಾನೆ’ ಬಂತು. ಎರಡೂ ದೇಶಗಳ ಯುವಜನರು ಒಂದೇ ಹಾಡಿಗೆ ಕುಣಿದರು. ನಾಜಿಯಾ 2000ದಲ್ಲಿ, ಕೇವಲ 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಕೆಯ ಕಂಠ ಮಾತ್ರ ಉಳಿದಿದೆ. 1995ರಲ್ಲಿ ಆಲಿಶಾ ಚಿನಾಯ್ ಹಾಡಿದ ‘ಮೇಡ್ ಇನ್ ಇಂಡಿಯಾ’ಕ್ಕೂ ಸಂಗೀತ ಬಿದ್ದು ಅವರದೇ.

ಈ ಯಾವ ಹಾಡಿನಲ್ಲಿಯೂ ಮುಂದೆ ನಿಂತ ಕಂಠ ಬಿದ್ದು ಅವರದಲ್ಲ. ಆದರೂ ಅವರಿಲ್ಲದೆ ಆ ಕಂಠಗಳು ನಮ್ಮನ್ನು ಹೀಗೆ ಮುಟ್ಟುತ್ತಿರಲಿಲ್ಲ. ಮುಂದಿನ ಸಲ ಹಾಡು ಮುಗಿದೊಡನೆ ರೇಡಿಯೋದ ಗುಂಡಿ ತಿರುಗಿಸಬೇಡಿ. ಉದ್ಘೋಷಕರು ಸಂಗೀತ ಸಂಯೋಜಕರ ಹೆಸರನ್ನೂ ಹೇಳಲಿ. ಕೇಳಿ, ಮನೆಯ ಮಕ್ಕಳಿಗೂ ತಿಳಿಸಿ.