ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್: ಫಿಲ್ಟರ್ ಹಾಕಿದ್ಮೇಲೂ ಟೆಸ್ಟ್ ಬಿಡಬೇಡಿ

ನೀರು ತಿಳಿಯಾಗಿದೆ, ವಾಸನೆ ಇಲ್ಲ, ರುಚಿನೂ ಚೆನ್ನಾಗಿದೆ. ಟಿಡಿಎಸ್ ಮೀಟರ್ ಇಟ್ಟರೂ ನಂಬರ್ ಕಡಿಮೆನೇ. ಆದ್ರೂ ಆ ನೀರಲ್ಲಿ ಆರ್ಸೆನಿಕ್ ಇರಬಹುದು! ಟಿಡಿಎಸ್ ಮೀಟರ್ ಒಟ್ಟು ಲವಣವನ್ನು ಅಂದಾಜು ಮಾಡುತ್ತೆ ಅಷ್ಟೇ, ಈ ವಿಷವನ್ನು ಹಿಡಿಯಲ್ಲ.

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಇದನ್ನು ಅನುಭವಿಸಿದ್ದಾರೆ. ಬೋರ್ ನೀರು ಕುಡಿದವರ ಚರ್ಮದ ಮೇಲೆ ಕಲೆ ಬಿತ್ತು, ಅಂಗೈ ಅಂಗಾಲು ಗಡುಸಾದವು. ಆ ಭಾಗದ ಕಲ್ಲಿನಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇದೆ.

ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಇದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕ್ಯಾನ್ಸರ್ ಅಪಾಯವೂ ಇದೆ. ಕುದಿಸಿದರೆ ಹೋಗಲ್ಲ. ನೀರು ಆವಿಯಾಗುತ್ತೆ, ವಿಷ ಉಳಿಯುತ್ತೆ.

ಫಿಲ್ಟರ್ ಹೇಗೆ ಕೆಲಸ ಮಾಡುತ್ತೆ?

ಮಳೆಗೆ ನೆನೆದ ಗುದ್ದಲಿಗೆ ತುಕ್ಕು ಹಿಡಿಯುತ್ತಲ್ಲ, ಅದೇ ಜಾತಿಯ ಕಬ್ಬಿಣದ ಖನಿಜಕ್ಕೆ ಆರ್ಸೆನಿಕ್ ಅಂಟಿಕೊಳ್ಳುತ್ತೆ. ಅದರ ಹರಳುಗಳನ್ನು ಟ್ಯಾಂಕಿಗೆ ತುಂಬಿ ನೀರು ನಿಧಾನವಾಗಿ ಹರಿಸುತ್ತಾರೆ. ಆಕ್ಟಿವೇಟೆಡ್ ಅಲ್ಯೂಮಿನಾ ಕೂಡ ಬಳಕೆಯಲ್ಲಿದೆ.

ಆದ್ರೆ ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿರುತ್ತೆ. ಗಾಳಿ ಸೋಕದ ಆಳದ ನೀರಲ್ಲಿರುವ ರೂಪವನ್ನು ಅಲ್ಯೂಮಿನಾ ಸರಿಯಾಗಿ ಹಿಡಿಯಲ್ಲ. ಅದಕ್ಕೇ ಮೊದಲು ಕ್ಲೋರಿನ್ ಹಾಕಿ ರೂಪ ಬದಲಿಸಬೇಕಾಗುತ್ತೆ. ನೀರಲ್ಲಿ ಫಾಸ್ಫೇಟ್, ಸಿಲಿಕಾ ಜಾಸ್ತಿ ಇದ್ದರೆ ಅವೂ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ಹಾಗಾಗಿ ಪಕ್ಕದ ಊರಲ್ಲಿ ನಡೆದ ಫಿಲ್ಟರ್ ನಿಮ್ಮಲ್ಲೂ ಅಷ್ಟೇ ದಿನ ನಡೆಯುತ್ತೆ ಅನ್ನೋ ಹಾಗಿಲ್ಲ.

ಎಡವೋದು ಇಲ್ಲೇ

ಹರಳುಗಳಲ್ಲಿ ಜಾಗ ತುಂಬಿದ ಮೇಲೆ ಆರ್ಸೆನಿಕ್ ನೇರ ಲೋಟಕ್ಕೆ ಬರುತ್ತೆ. ನೀರಿನ ಬಣ್ಣ, ರುಚಿ ಮಾತ್ರ ಒಂಚೂರೂ ಬದಲಾಗಲ್ಲ. ಆದ್ದರಿಂದ ಈ ನಾಲ್ಕು ಮಾತು ನೆನಪಿಡಿ:

- ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ‘ಆರ್ಸೆನಿಕ್ ನೋಡಿ’ ಅಂತ ಹೆಸರು ಹೇಳಿಯೇ ಕೇಳಿ.
- ಫಿಲ್ಟರ್‌ಗೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಆಮೇಲೂ ಆಗಾಗ ಮಾಡಿಸ್ತಾ ಇರಿ. ರಿಪೋರ್ಟಿನ ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ.
- ಹಳೇ ಹರಳುಗಳನ್ನು ತಿಪ್ಪೆಗೆ, ಹೊಲಕ್ಕೆ ಎಸೆಯಬೇಡಿ. ಮುಚ್ಚಳದ ಡ್ರಮ್ಮಿನಲ್ಲಿಟ್ಟು, ಫಿಲ್ಟರ್ ಕೊಟ್ಟವರಿಗೇ ವಾಪಸ್ ಕೊಡಿ.
- ಆರ್ಸೆನಿಕ್ ಇರುವ ನೀರನ್ನು ಭತ್ತದ ಗದ್ದೆಯಲ್ಲಿ ನಿಲ್ಲಿಸಬೇಡಿ. ನೀರು ನಿಂತ ಗದ್ದೆಯಲ್ಲಿ ಭತ್ತ ಅದನ್ನು ಹೆಚ್ಚು ಹೀರುತ್ತೆ.

ಹತ್ತಿರದಲ್ಲೇ ಪರೀಕ್ಷೆ ಮಾಡಿದ ಒಳ್ಳೆ ನೀರು ಸಿಗುತ್ತಾ? ಕುಡಿಯೋಕೆ, ಅಡುಗೆಗೆ ಮೊದಲು ಅದನ್ನೇ ತನ್ನಿ. ಸಿಗದಿದ್ದರೆ ಫಿಲ್ಟರ್ ಹಾಕಿಸಿ, ಟೆಸ್ಟ್ ಮಾತ್ರ ತಪ್ಪಿಸಬೇಡಿ.