ಕಾಡಿಗೆ ಕಣ್ಣಿನ ಹಾಡುಗಾತಿ

ರಾಜಾಜಿನಗರ, ವಿಜಯನಗರದ ಕಡೆ ಸಂಜೆ ಹೊತ್ತು ಗೋಬಿ ಮಂಚೂರಿ ಗಾಡಿಗೆ ಜನ ಮುತ್ತಿಕೊಂಡಿರುವುದನ್ನು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಒಬ್ಬ ಗಾಯಕಿಯ ನೆನಪಾಗುತ್ತದೆ. ಇದೆಲ್ಲಿಯ ಸಂಬಂಧ ಅಂತೀರಾ? ಇದೆ, ಕೇಳಿ.

ಆಕೆ ಸೂಸಿ ಸೂ. ಹುಟ್ಟುಹೆಸರು ಸೂಸನ್ ಬ್ಯಾಲಿಯನ್, ಜನನ 1957. ತಂದೆಗೆ ವಿಪರೀತ ಕುಡಿತ. ತಾಯಿ ದುಡಿದು ಸಂಸಾರ ತೂಗಿಸಬೇಕಾಯಿತು. ಇಂಥ ಮನೆಗೆ ಗೆಳತಿಯರನ್ನು ಕರೆಯುವುದಾದರೂ ಹೇಗೆ? ಹುಡುಗಿ ಒಂಟಿಯಾಗಿಬಿಟ್ಟಳು. 14ನೇ ವಯಸ್ಸಿಗೆ ತಂದೆಯೂ ತೀರಿಕೊಂಡರು. ಆಮೇಲೆ ಕರುಳಿನ ಹುಣ್ಣು, ಆಸ್ಪತ್ರೆ. 1972ರಲ್ಲಿ ಅಲ್ಲಿ ಮಲಗಿದ್ದಾಗಲೇ ಟಿ.ವಿ.ಯಲ್ಲಿ ಡೇವಿಡ್ ಬೋವಿ ಹಾಡುವುದನ್ನು ನೋಡಿ ಮನಸ್ಸು ಆ ಕಡೆ ತಿರುಗಿತು.

1976ರ ಸೆಪ್ಟೆಂಬರಿನಲ್ಲಿ, ಸರಿಯಾದ ತಾಲೀಮೂ ಇಲ್ಲದೆ, ಲಂಡನ್ನಿನ ವೇದಿಕೆ ಹತ್ತಿಯೇಬಿಟ್ಟಳು! ತಂಡದ ಹೆಸರು 'ಬ್ಯಾನ್‌ಶೀಸ್'. ಬ್ಯಾನ್‌ಶೀ ಅಂದರೆ ಐರಿಷ್ ಕಥೆಗಳಲ್ಲಿ ಸಾವಿನ ಮುನ್ಸೂಚನೆಯಾಗಿ ಗೋಳಿಡುವ ಹೆಣ್ಣು. ಕಣ್ಣ ಸುತ್ತ ದಪ್ಪ ಕಾಡಿಗೆ, ಕೆದರಿದ ಕಪ್ಪು ಕೂದಲು. ನಮ್ಮಜ್ಜಿಯರಾಗಿದ್ದರೆ ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಹೆಣ್ಣಿನ ದನಿ ಇಂಪಾಗಿಯೇ ಇರಬೇಕೆಂಬುದನ್ನು ಆಕೆ ಒಪ್ಪಲಿಲ್ಲ. ಭಯವನ್ನೂ ಸಿಟ್ಟನ್ನೂ ಹಾಡಿದಳು. ಗಾಥಿಕ್ ರಾಕ್ ಎಂಬ ಸಂಗೀತಕ್ಕೆ ದಾರಿ ಹಾಕಿದವರಲ್ಲಿ ಆಕೆಯೂ ಒಬ್ಬಳು.

ಈಗ ಗೋಬಿ ವಿಷಯ. 1978ರ ಮೊದಲ ಹಾಡು 'ಹಾಂಗ್‌ಕಾಂಗ್ ಗಾರ್ಡನ್'. ಅದು ಆಕೆಯ ಊರಿನ ಚೀನೀ ತಿಂಡಿ ಅಂಗಡಿಯ ಹೆಸರು. ಪುಂಡರು ಬಂದು ಅಲ್ಲಿನ ಕೆಲಸಗಾರರನ್ನು ಗೋಳುಹೊಯ್ದುಕೊಳ್ಳುವುದನ್ನು ನೋಡಿ ನೋಡಿ, ತಡೆಯಲಾಗದೆ ಹುಟ್ಟಿದ ಹಾಡು. ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೇರಿತು. ಅದರಲ್ಲಿ ಚೀನೀಯರ ಬಗ್ಗೆ ಬರುವ ಕೆಲವು ಮಾತು ನನಗೇನೋ ಹಿಡಿಸದು. ಉದ್ದೇಶ ಮಾತ್ರ ಒಳ್ಳೆಯದೇ.

ತಂಡ 1996ರಲ್ಲಿ ಚದುರಿತು. ಹತ್ತು ವರ್ಷ ವೇದಿಕೆಯಿಂದ ದೂರವಿದ್ದು, 2023ರಲ್ಲಿ, 65ರ ವಯಸ್ಸಿನಲ್ಲಿ, ಆಕೆ ಮತ್ತೆ ಹಾಡಲು ಬಂದರು.