ಮಗಳ ಕಿವಿ ಚುಚ್ಚಿದ ಸೂಜಿ ಯಾರ ಲೆಕ್ಕಕ್ಕೆ?

ನಿಮ್ಮ ಮಗಳ ಕಿವಿ ಚುಚ್ಚಿಸಿದ ದಿನ ನಿಮಗೆ ನೆನಪಿರಬಹುದು. ಮಗು ಅತ್ತದ್ದು, ಅಜ್ಜಿ ಅದರ ಬಾಯಿಗೆ ಸಕ್ಕರೆ ಹಾಕಿದ್ದು, ಪುಟ್ಟ ರಿಂಗು ತೊಡಿಸಿದ ಮೇಲೆ ಎಲ್ಲರೂ ಎತ್ತಿ ಮುದ್ದಾಡಿದ್ದು ನೆನಪಿರಬಹುದು. ಆದರೆ ಆ ಸೂಜಿ ಅದಕ್ಕೂ ಮುಂಚೆ ಯಾರ ಕಿವಿಯನ್ನು ಚುಚ್ಚಿತ್ತು? ಚುಚ್ಚಿದವರು ಕೈ ತೊಳೆದುಕೊಂಡಿದ್ದರೇ? ಅವರಿಗೆ ಈ ಕೆಲಸ ಕಲಿಸಿದವರು ಯಾರು? ಈ ಪ್ರಶ್ನೆಗಳಿಗೆ ಹೆಚ್ಚಿನ ತಾಯಂದಿರಲ್ಲಿ ಉತ್ತರವಿಲ್ಲ. ನನ್ನಲ್ಲೂ ಇರಲಿಲ್ಲ.

ಈ ಪ್ರಶ್ನೆಗಳು ನನ್ನ ತಲೆ ಹೊಕ್ಕದ್ದು ವನದುರ್ಗದಲ್ಲಿ. ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಊರು ಅದು. ಸುರಪುರ ಅರಸರ ಕಾಲದ ಹಳೆಯ ಕೋಟೆಯಿಂದಾಗಿ ಆ ಸೀಮೆಯಲ್ಲಿ ಊರಿನ ಹೆಸರು ಎಲ್ಲರಿಗೂ ಗೊತ್ತು. ನನ್ನ ಖಾಲಾರ ಮಗಳನ್ನು ಅಲ್ಲಿಗೆ ಕೊಟ್ಟಿದ್ದಾರೆ. ಮದುವೆಯೊಂದರ ನೆವದಲ್ಲಿ ಹೋದಾಗ ಅವಳ ಹಿರಿಮಗಳು ತಲೆಯ ಮೇಲಿನ ದುಪಟ್ಟಾವನ್ನು ಒಂದು ಬದಿಗೆ ಬಿಗಿಯಾಗಿ ಎಳೆದುಕೊಂಡೇ ಓಡಾಡುತ್ತಿದ್ದಳು. ಹೆಂಗಸರು ಮಾತ್ರ ಇದ್ದ ಕೋಣೆಯಲ್ಲೂ ತೆಗೆಯಲಿಲ್ಲ. ರಾತ್ರಿ ಮಲಗುವಾಗ ನನಗೆ ಕಿವಿ ತೋರಿಸಿದಳು. ಎಡಗಿವಿಯ ಮೇಲಂಚು ಬಾಡಿದ ಎಲೆಯ ಹಾಗೆ ಮುದುಡಿಕೊಂಡಿತ್ತು.

ಪಿಯುಸಿ ಓದುವ ಹುಡುಗಿ. ಗೆಳತಿಯರೊಂದಿಗೆ ಪೇಟೆಗೆ ಹೋದವಳು ಒಂದು ಫ್ಯಾನ್ಸಿ ಅಂಗಡಿಯಲ್ಲಿ ಕಿವಿಯ ಮೇಲ್ಭಾಗಕ್ಕೆ ಗನ್ನಿನಿಂದ ಚುಚ್ಚಿಸಿಕೊಂಡಿದ್ದಾಳೆ. ಒಂದು ನಿಮಿಷದ ಕೆಲಸ. ನಾಲ್ಕನೆಯ ದಿನ ಕಿವಿ ಕೆಂಪಾಗಿ ಊದಿಕೊಂಡಿತು. ಮನೆಯವರು ಬೈಯುತ್ತಾರೆಂದು ಎರಡು ದಿನ ಮುಚ್ಚಿಟ್ಟಳು. ಗೊತ್ತಾದ ಮೇಲೆ ಅಜ್ಜಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಜ್ವರ ಬಂದಾಗ ಆಸ್ಪತ್ರೆಗೆ ಓಡಿದರು. ಕೀವು ತೆಗೆದು ಕಿವಿಯನ್ನು ಉಳಿಸಿದರು, ಆದರೆ ಅದರ ಆಕಾರ ಉಳಿಯಲಿಲ್ಲ.

“ಖಾಲಾ, ಅವರ ಮೇಲೆ ಕಂಪ್ಲೇಂಟ್ ಕೊಡಬೇಕಂದ್ರ ಯಾರ ಹತ್ರ ಕೊಡಬೇಕು?” ಎಂದು ಕೇಳಿದಳು.

ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು ಎಂದೆ. ರಸೀದಿ ಇದೆಯೇ ಎಂದು ಕೇಳಿದರೆ ನಕ್ಕಳು. ಕಿವಿ ಚುಚ್ಚಿದ್ದಕ್ಕೆ ರಸೀದಿ ಕೊಡುವ ಅಂಗಡಿ ಎಲ್ಲಿದೆ?

ಚಹಾ ಮಾರುವವನಿಗೆ ಇರುವ ನಿಯಮ

ಸ್ವಲ್ಪ ಯೋಚಿಸಿ ನೋಡಿ. ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಮಾರುವವನೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ತಳ್ಳುಗಾಡಿಯವನಿಗೂ ಅದರಿಂದ ವಿನಾಯಿತಿ ಇಲ್ಲ. ಔಷಧದ ಅಂಗಡಿಗೆ ಲೈಸೆನ್ಸ್ ಬೇಕು, ಇಂಜೆಕ್ಷನ್ ಕೊಡುವವರಿಗೆ ಅರ್ಹತೆ ಬೇಕು. ಆದರೆ ಚರ್ಮವನ್ನು ತೂತು ಮಾಡಿ ಲೋಹ ತೂರಿಸುವವರಿಗೆ, ಚರ್ಮದೊಳಗೆ ಬಣ್ಣ ತುಂಬುವವರಿಗೆ ಮಾತ್ರ ತರಬೇತಿಯ, ಸ್ವಚ್ಛತೆಯ, ವಯಸ್ಸಿನ ನಿಯಮ ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಅಂಗಡಿಗೆ ಪುರಸಭೆಯದೋ ಪಂಚಾಯತಿನದೋ ವ್ಯಾಪಾರ ಪರವಾನಗಿ ಇರಬಹುದು. ಅದು ಅಂಗಡಿಗೆ ಸಿಕ್ಕಿದ್ದು, ಸೂಜಿಗೆ ಸಿಕ್ಕಿದ್ದಲ್ಲ.

ಸೂಜಿಯೇನೂ ನಮ್ಮ ಸೀಮೆಗೆ ಹೊಸದಲ್ಲ. ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿ ಹಚ್ಚೆ ಹಾಕುತ್ತಿದ್ದರು. ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ತಾಂಡಾಗಳ ಲಂಬಾಣಿ ಅಜ್ಜಿಯರ ಮುಖ, ಕೈಗಳಲ್ಲಿ ಆ ಹಸಿರು ಚುಕ್ಕೆಗಳು ಈಗಲೂ ಕಾಣುತ್ತವೆ. ಮೂಗು, ಕಿವಿ ಚುಚ್ಚುವ ಕೆಲಸ ಊರಿನ ಪತ್ತಾರನದು. ಅವನು ಎಲ್ಲರಿಗೂ ಗೊತ್ತಿದ್ದವನು. ಹೆಚ್ಚುಕಡಿಮೆಯಾದರೆ ಅವನ ಮನೆ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಅದೇ ಆಗಿನ ಲೈಸೆನ್ಸು ಎನ್ನಬಹುದೇನೋ.

ಈಗ ಬ್ಯಾಟರಿ ಮಷೀನು ಬಂದಿದೆ. ಸಂಕ್ರಾಂತಿಯ ಮೈಲಾಪುರ ಜಾತ್ರೆಯಿರಲಿ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಯಿರಲಿ, ಯಾವುದೇ ಊರಿನ ಉರುಸಿರಲಿ, ಜನ ಸೇರಿದಲ್ಲಿ ಹಚ್ಚೆಯವನು ಚಾಪೆ ಹಾಸಬಲ್ಲ. ಒಬ್ಬನ ಕೈಯಿಂದ ತೆಗೆದ ಸೂಜಿಯನ್ನು ಬಟ್ಟೆಯಿಂದ ಒರೆಸಿ ಮತ್ತೊಬ್ಬನ ಕೈಗೆ ಇಟ್ಟರೆ ಕೇಳುವವರಿಲ್ಲ. ಮರುದಿನ ಅವನು ಬೇರೆ ಊರಿನಲ್ಲಿರುತ್ತಾನೆ.

‘ನಮಗೇಕೆ ಇದು?’

ಇಸ್ಲಾಮಿನಲ್ಲಿ ಹಚ್ಚೆ ನಿಷಿದ್ಧ. ಹಾಕುವವರನ್ನೂ ಹಾಕಿಸಿಕೊಳ್ಳುವವರನ್ನೂ ಪ್ರವಾದಿ(ಸ)ರು ಖಂಡಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಗಾಗಿ ಇದು ನಮ್ಮ ಮನೆಯ ವಿಷಯವಲ್ಲ ಎಂದು ಪುಟ ತಿರುವಿಬಿಡಬೇಡಿ. ಹೆಣ್ಣುಮಕ್ಕಳ ಕಿವಿಯೋಲೆಗೆ ಹೆಚ್ಚಿನ ವಿದ್ವಾಂಸರ ಅನುಮತಿಯಿದೆ. ಈದ್ ದಿನ ಪ್ರವಾದಿ(ಸ)ರು ದಾನಕ್ಕೆ ಕರೆಕೊಟ್ಟಾಗ ಹೆಂಗಸರು ತಮ್ಮ ಕಿವಿಯೋಲೆಗಳನ್ನೇ ತೆಗೆದು ಬಿಲಾಲ್(ರ)ರು ಹರಡಿದ ಬಟ್ಟೆಗೆ ಹಾಕಿದ ಘಟನೆ ಹದೀಸಿನಲ್ಲಿದೆ. ನಮ್ಮಲ್ಲಿ ಕಿವಿ ಚುಚ್ಚಿಸದ ಹೆಣ್ಣುಮಗು ಇರುವ ಮನೆ ಅಪರೂಪ. ಸೂಜಿ ಮಾತ್ರ ಅದೇ ಸೂಜಿ.

ನಿಷಿದ್ಧವೆಂದ ಮಾತ್ರಕ್ಕೆ ನಮ್ಮ ಹುಡುಗರು ದೂರವಿದ್ದಾರೆಂದು ನಂಬಿ ಕೂರುವುದೂ ಬೇಡ. ತುಂಬುತೋಳಿನ ಅಂಗಿ ಬಿಸಿಲಿನಲ್ಲೂ ಬಿಚ್ಚದ ಮಗನಿದ್ದರೆ ಒಮ್ಮೆ ಪ್ರೀತಿಯಿಂದಲೇ ಕೇಳಿ ನೋಡಿ. ಬೈದರೆ ಅವನು ಗಾಯವನ್ನೂ ಮುಚ್ಚಿಡುತ್ತಾನೆ. ಹಚ್ಚೆ ಇದ್ದರೆ ವುಝೂ ಆಗುವುದಿಲ್ಲ, ನಮಾಝ್ ಸಲ್ಲುವುದಿಲ್ಲ ಎಂದು ಹೆದರಿಸುವವರೂ ಇದ್ದಾರೆ. ಬಣ್ಣ ಇರುವುದು ಚರ್ಮದ ಒಳಪದರದಲ್ಲಿ. ನೀರು ಚರ್ಮವನ್ನು ತಲುಪಲು ಅದು ಅಡ್ಡಿಯಲ್ಲ.

ವನದುರ್ಗದಲ್ಲಿ ನಮ್ಮವರ ನೆರೆಮನೆಯ ನಾಯಕರ ಹುಡುಗನ ಕಥೆ ಕೇಳಿ ನಿಜಕ್ಕೂ ಮರುಕವಾಯಿತು. ಅರೆಸೇನಾ ಪಡೆಗೆ ಸೇರಬೇಕೆಂದು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓಡುತ್ತಿದ್ದವನು. ಜಾತ್ರೆಯಲ್ಲಿ ಗೆಳೆಯರ ಜೊತೆಗೂಡಿ ಬಲಗೈ ಮೇಲೆ ಚೇಳು ಬರೆಸಿಕೊಂಡ. ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ನೇಮಕದ ನಿಯಮದಲ್ಲಿ ಹಚ್ಚೆ ಸಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಬದಿಯಲ್ಲೋ ಕೈ ಹಿಂಬದಿಯಲ್ಲೋ ಇರಬಹುದು. ಗಾತ್ರ ಆ ಭಾಗದ ಕಾಲಂಶಕ್ಕಿಂತ ಕಡಿಮೆ ಇರಬೇಕು. ಅವನಿಗೆ ಇದು ಗೊತ್ತಾದದ್ದು ಆಮೇಲೆ. ಲೇಸರಿನಿಂದ ಅಳಿಸಬೇಕೆಂದರೆ ನಗರಕ್ಕೆ ಹಲವು ಬಾರಿ ಹೋಗಬೇಕು, ಒಂದೊಂದು ಸಲಕ್ಕೂ ಸಾವಿರಗಟ್ಟಲೆ ಖರ್ಚು, ಗುರುತು ಪೂರ್ತಿ ಹೋಗುವ ಭರವಸೆಯೂ ಇಲ್ಲ. ಬರೆಯುವ ಮುಂಚೆ ‘ನಿನಗೆಷ್ಟು ವಯಸ್ಸು, ಯಾವ ಕೆಲಸಕ್ಕೆ ಹೋಗುತ್ತಿ’ ಎಂದು ಒಂದು ಮಾತು ಕೇಳುವ ನಿಯಮವಿದ್ದಿದ್ದರೆ?

ರಕ್ತ, ಗನ್ನು, ಬಣ್ಣ

ಅಪಾಯ ಎಷ್ಟು ನಿಜ ಎಂಬುದನ್ನೂ ಹೇಳಬೇಕು, ಸುಮ್ಮನೆ ಹೆದರಿಸುವುದು ಸರಿಯಲ್ಲ. ಎಚ್‌ಐವಿ ಹೆಸರು ಕೇಳಿದೊಡನೆ ಎಲ್ಲರೂ ಬೆಚ್ಚುತ್ತಾರೆ. ಆದರೆ ಸೂಜಿಯ ಮೂಲಕ ಅದಕ್ಕಿಂತ ಬಹಳ ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ, ಅಂದರೆ ಯಕೃತ್ತಿನ ಸೋಂಕು. ಸೋಂಕಿತರ ರಕ್ತ ತಗಲಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ಆಕಸ್ಮಿಕವಾಗಿ ಚುಚ್ಚಿದಾಗ ಎಚ್‌ಐವಿ ತಗಲುವುದು ಸಾವಿರಕ್ಕೆ ಸುಮಾರು 3 ಮಂದಿಗೆ. ಲಸಿಕೆ ಇಲ್ಲದವರಾದರೆ ಹೆಪಟೈಟಿಸ್ ಬಿ ನೂರಕ್ಕೆ 30 ಮಂದಿಗೂ ತಗಲಬಹುದು. ಆ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರುತ್ತದೆ. ಮಂಗಳವಾರದ ಸಂತೆಯಲ್ಲಿ ಬಳಸಿದ ಸೂಜಿ ಮುಂದಿನ ಸೋಮವಾರವೂ ಅಪಾಯಕಾರಿಯೇ. ಹೆಪಟೈಟಿಸ್ ಬಿ ಲಸಿಕೆ ಸರಕಾರಿ ಕಾರ್ಯಕ್ರಮದಲ್ಲಿ ದೇಶವಿಡೀ ವಿಸ್ತರಿಸಿದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ನಮ್ಮಲ್ಲಿ ಅನೇಕರಿಗೆ ಆ ರಕ್ಷಣೆ ಇಲ್ಲ. ಹಚ್ಚೆ ಹಾಕಿಸಿದವರಿಂದ, ಮೈ ಚುಚ್ಚಿಸಿಕೊಂಡವರಿಂದ 12 ತಿಂಗಳು ರಕ್ತ ಪಡೆಯಬಾರದೆಂಬ ನಿಯಮ ನಮ್ಮ ರಕ್ತನಿಧಿಗಳಲ್ಲಿ ಇರುವುದು ಇದೇ ಕಾರಣಕ್ಕೆ. ರಕ್ತ ತೆಗೆದುಕೊಳ್ಳುವಾಗ ಸರಕಾರಕ್ಕೆ ಸೂಜಿಯ ಮೇಲೆ ಅನುಮಾನವಿದೆ, ಚುಚ್ಚುವಾಗ ಇಲ್ಲ!

ಇನ್ನು ಆ ಗನ್ನು. ಅದರ ಹೆಚ್ಚಿನ ಭಾಗ ಪ್ಲಾಸ್ಟಿಕ್ಕು. ಆಸ್ಪತ್ರೆಯ ಉಪಕರಣಗಳನ್ನು 121 ಡಿಗ್ರಿ ಹಬೆಯ ಒತ್ತಡದಲ್ಲಿ ಶುದ್ಧ ಮಾಡುವ ಹಾಗೆ ಇದನ್ನು ಮಾಡಲಾಗದು, ಕರಗುತ್ತದೆ. ಕಿವಿಯ ಕೆಳಗಿನ ಮೆತ್ತನೆಯ ಹಾಲೆಯಲ್ಲಿ ರಕ್ತಸಂಚಾರ ಚೆನ್ನಾಗಿರುವುದರಿಂದ ಗಾಯ ಆರೆಂಟು ವಾರದಲ್ಲಿ ಮಾಯುತ್ತದೆ. ಮೇಲ್ಭಾಗದಲ್ಲಿರುವುದು ಮೃದ್ವಸ್ಥಿ, ಅಂದರೆ ಮೆತ್ತನೆಯ ಎಲುಬು. ಅದಕ್ಕೆ ತನ್ನದೇ ರಕ್ತನಾಳವಿಲ್ಲ. ಗನ್ನು ಅದನ್ನು ಚುಚ್ಚುವುದಿಲ್ಲ, ಜಜ್ಜಿ ತೂರುತ್ತದೆ. ಅಲ್ಲಿ ಸೋಂಕು ಹಿಡಿದರೆ ಔಷಧ ಸುಲಭವಾಗಿ ತಲುಪುವುದಿಲ್ಲ. ಮೃದ್ವಸ್ಥಿ ಸತ್ತರೆ ಕಿವಿ ಮುದುಡುತ್ತದೆ. ನಮ್ಮ ಹುಡುಗಿಗೆ ಆದದ್ದು ಇದೇ. ಅಂಗಡಿಯವನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅವನಿಗೆ ಯಾರೂ ಹೇಳಿಯೂ ಇರಲಿಲ್ಲ.

ಬಣ್ಣದ ವಿಷಯ ಸುದ್ದಿಯಾದದ್ದು 2025ರ ಆರಂಭದಲ್ಲಿ. ಹಚ್ಚೆಯ ಶಾಯಿಯ ಮಾದರಿಗಳನ್ನು ಪರೀಕ್ಷಿಸಿದಾಗ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿ 22 ಲೋಹಗಳು ಕಂಡುಬಂದಿವೆ, ಇದಕ್ಕೆ ಬಿಐಎಸ್ ಗುಣಮಟ್ಟವೇ ಇಲ್ಲ, ನಿಯಂತ್ರಣ ತರುವಂತೆ ಕೇಂದ್ರಕ್ಕೆ ಬರೆಯುತ್ತೇವೆ ಎಂದು ಕರ್ನಾಟಕದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದ್ದರು. ಯುರೋಪಿನ ಒಕ್ಕೂಟ 2022ರ ಜನವರಿಯಿಂದಲೇ ಹಚ್ಚೆಯ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಹಚ್ಚೆಯ ಮಾತಿನ ನಡುವೆ ನಮ್ಮ ಮೆಹಂದಿಗೂ ಒಂದು ಎಚ್ಚರಿಕೆ: ಈದ್ ಹಿಂದಿನ ರಾತ್ರಿ ಹತ್ತೇ ನಿಮಿಷದಲ್ಲಿ ಕಡುಕಪ್ಪು ಬಣ್ಣ ಕೊಡುವ ಕೋನ್ ಇದೆಯಲ್ಲ, ಅದರಲ್ಲಿ ಕೂದಲಿನ ಡೈಗೆ ಹಾಕುವ ಪಿಪಿಡಿ ಬೆರೆತಿರಬಹುದು. ಚರ್ಮ ಬೊಬ್ಬೆ ಏಳುತ್ತದೆ, ಕೆಲವರಿಗೆ ಜೀವಮಾನವಿಡೀ ಅಲರ್ಜಿ ಉಳಿಯುತ್ತದೆ. ನಿಜವಾದ ಗೋರಂಟಿ ಕಪ್ಪಾಗಿರುವುದಿಲ್ಲ.

ನಿಷೇಧಿಸಿದರೆ ಮುಗಿಯುವುದೇ?

ಎಲ್ಲವನ್ನೂ ಬಂದ್ ಮಾಡಿಬಿಡಲಿ ಎನ್ನುವವರಿದ್ದಾರೆ. ನ್ಯೂಯಾರ್ಕ್ ನಗರ ಅದನ್ನು ಮಾಡಿ ನೋಡಿತ್ತು. ಹೆಪಟೈಟಿಸ್ ಭಯದಿಂದ 1961ರಲ್ಲಿ ಹಚ್ಚೆ ನಿಷೇಧಿಸಿತು. ಕೆಲಸ ನಿಲ್ಲಲಿಲ್ಲ, ಬಾಗಿಲು ಹಾಕಿಕೊಂಡು ನಡೆಯಿತು. 1997ರಲ್ಲಿ ನಿಷೇಧ ತೆಗೆದು ಲೈಸೆನ್ಸ್ ಪದ್ಧತಿ ತಂದರು. ದಕ್ಷಿಣ ಕೊರಿಯಾದಲ್ಲಿ ಮೂರು ದಶಕ ಕಾಲ ವೈದ್ಯರು ಮಾತ್ರ ಹಚ್ಚೆ ಹಾಕಬಹುದಿತ್ತು. ಅಲ್ಲೂ ಕದ್ದುಮುಚ್ಚಿ ನಡೆದದ್ದೇ ಹೆಚ್ಚು. 2025ರಲ್ಲಿ ಅಲ್ಲಿನ ಸಂಸತ್ತು ವೈದ್ಯರಲ್ಲದವರಿಗೂ ಲೈಸೆನ್ಸ್ ಕೊಡುವ ಕಾನೂನು ಮಾಡಿತು. ಬ್ರಿಟನ್ 1969ರಲ್ಲೇ ಹದಿನೆಂಟರ ಒಳಗಿನವರಿಗೆ ಹಚ್ಚೆ ಹಾಕುವುದನ್ನು ಅಪರಾಧವೆಂದು ಸಾರಿದೆ.

ನನಗೆ ಹಿಡಿಸಿದ್ದು ಬ್ರಿಟನ್ನಿನ ಭಾಗವಾದ ವೇಲ್ಸ್‌ನ ಪದ್ಧತಿ. 2024ರ ನವೆಂಬರಿನಿಂದ ಅಲ್ಲಿ ಹಚ್ಚೆಯವರಿಗೂ ಮೈ ಚುಚ್ಚುವವರಿಗೂ ಲೈಸೆನ್ಸ್ ಕಡ್ಡಾಯ. ವ್ಯಕ್ತಿಗೆ ಬೇರೆ, ಜಾಗಕ್ಕೆ ಬೇರೆ ಅನುಮತಿ. ಸೋಂಕು ತಡೆಯುವ ಒಂದು ಚಿಕ್ಕ ಪರೀಕ್ಷೆ ಪಾಸಾಗಬೇಕು. ಲೈಸೆನ್ಸ್ ಮೂರು ವರ್ಷದ್ದು. ಮೇಳ, ಪ್ರದರ್ಶನಗಳಿಗೆಂದು ಏಳು ದಿನದ ತಾತ್ಕಾಲಿಕ ಲೈಸೆನ್ಸೂ ಇದೆ. ನಮ್ಮ ಜಾತ್ರೆ, ಉರುಸುಗಳಿಗೆ ಹೇಳಿ ಮಾಡಿಸಿದಂತಿದೆಯಲ್ಲವೇ? ಜಾತ್ರೆಗೆ ಹೇಗೂ ತಾಲೂಕಿನ ಆರೋಗ್ಯ ಸಿಬ್ಬಂದಿ ಬರುತ್ತಾರೆ, ನೀರಿಗೆ ಕ್ಲೋರಿನ್ ಹಾಕುತ್ತಾರೆ. ಹಚ್ಚೆಯವನ ಚಾಪೆಯ ಹತ್ತಿರವೂ ಒಮ್ಮೆ ನಿಂತು ಹೋಗಬಹುದು.

ನನ್ನ ಆತಂಕ ಇನ್ನೊಂದಿದೆ. ಕಾನೂನು ಬಂದಾಗ ಬೆಂಗಳೂರಿನ ಹವಾನಿಯಂತ್ರಿತ ಸ್ಟುಡಿಯೋಗೆ ಲೈಸೆನ್ಸ್ ಸಿಕ್ಕಿ, ಹಳ್ಳಿಯ ಪತ್ತಾರ ಮತ್ತು ಕೊರವರ ಹೆಂಗಸು ಕಳ್ಳರಾಗಿಬಿಡಬಾರದು. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು. ಐದಾರು ದಿನದ ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆಯನ್ನೂ ಇಟ್ಟಿದ್ದಾರೆ. ಅದರಲ್ಲಿ ಅರ್ಧ ದಿನ ಕಿವಿ ಚುಚ್ಚುವ ಸ್ವಚ್ಛತೆಗೆ ಇಟ್ಟರೆ ಸರಕಾರಕ್ಕೆ ಹೊರೆಯೇನಲ್ಲ.

ಅಲ್ಲಿಯ ತನಕ ಲೈಸೆನ್ಸ್ ನೋಡುವ ಅಧಿಕಾರಿ ನೀವೇ. ಸೂಜಿ ನಿಮ್ಮ ಕಣ್ಣೆದುರೇ ಪೊಟ್ಟಣದಿಂದ ಹೊರಬರಲಿ, ಕೆಲಸ ಮುಗಿದ ಮೇಲೆ ಅದನ್ನು ಎಲ್ಲಿ ಹಾಕುತ್ತಾರೆಂದು ನೋಡಿ. ಕೈ ತೊಳೆದು ಗ್ಲೌಸ್ ಹಾಕಿ ಎನ್ನಲು ನಾಚಿಕೆ ಬೇಡ. ಕಿವಿಯ ಮೇಲ್ಭಾಗಕ್ಕೆ ಗನ್ನು ಬೇಡವೇ ಬೇಡ. ಮಗುವಿನ ಮೊದಲ ಲಸಿಕೆಗಳು ಆಗುವ ತನಕ ಕಾಯಿರಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಗಾಯದ ಗುರುತು ದಪ್ಪವಾಗಿ ಬೆಳೆಯುವ ಗುಣವಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಊತ, ಕೆಂಪು, ಜ್ವರ ಕಂಡರೆ ಅರಿಶಿನ ಅರೆಯುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಮರುದಿನ ಬಸ್ಸಿಗೆ ಕಾಯುವಾಗ ಊರಿನ ಪತ್ತಾರರೊಬ್ಬರ ಅಂಗಡಿಗೆ ಹೋಗಿ ಕುಳಿತೆ. ಅರವತ್ತು ದಾಟಿದವರು. ಊರಿನ ಎಲ್ಲ ಜಾತಿಯ ಹೆಣ್ಣುಮಕ್ಕಳ ಕಿವಿ ಚುಚ್ಚಿದ್ದಾರೆ. ಸೂಜಿ ಹೇಗೆ ಶುದ್ಧ ಮಾಡುತ್ತೀರಿ ಎಂದೆ. “ಬಿಸಿನೀರಾಗ ಅದ್ದತೀನಿ, ಬೆಂಕಿಗೆ ಹಿಡಿತೀನ್ರಿ” ಎಂದರು. ಪ್ರತಿಯೊಬ್ಬರಿಗೂ ಹೊಸ ಸೂಜಿ ಬಳಸಿದರೆ ಎಷ್ಟು ಖರ್ಚಾಗುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದೆವು. ಎರಡು ಚಹಾದ ದುಡ್ಡೂ ಆಗಲಿಲ್ಲ.

“ಅಷ್ಟ ಏನ್ರಿ? ನನಗ ಇಷ್ಟು ವರ್ಷ ಯಾರೂ ಹೇಳೇ ಇಲ್ಲಲ್ರಿ ಅಕ್ಕೋರ,” ಎಂದರು ಅವರು. “ಲೈಸೆನ್ಸ್ ಕೊಡತಾರಂದ್ರ ನಾನs ಮೊದಲ ತಗೋತೀನಿ. ಯಾವ ಆಫೀಸಿಗಿ ಹೋಗಬೇಕ್ರಿ?”

ಅಂಥ ಆಫೀಸು ಇನ್ನೂ ಇಲ್ಲ ಎಂದೆ. ಅಷ್ಟರಲ್ಲಿ ಶಹಾಪುರದ ಬಸ್ಸು ಬಂತು.